ಕೆಂಗೇರಿಯಿಂದ ಕಲ್ಕತ್ತೆಗೆ ಹಾರಿದ ರೇಷ್ಮೆ ಮೊಟ್ಟೆ

ಕೆಂಗೇರಿಯ ವೆಂಕಟರಮಣಪ್ಪನವರ ಬಿತ್ತನೆ ಕೋಠಿಯಲ್ಲಿ ರೇಷ್ಮೆ ಚಿಟ್ಟೆಗಳಿಂದ ಮೊಟ್ಟೆ ಇಡಿಸುವ ಕೆಲಸ ಗಂಗಲಕ್ಷ್ಮಮ್ಮನದು. ಗಂಡ ತೀರಿಕೊಂಡ ಮೇಲೆ ಅತ್ತೆ ಲಿಂಗಮ್ಮನನ್ನು ಸಾಕುತ್ತಿದ್ದುದು ಅದೇ ಸಂಬಳದಿಂದ.

೧೯೫೬ರಲ್ಲಿ ಬಂಗಾಳದ ರೇಷ್ಮೆ ಸಾಕಣೆದಾರರೊಬ್ಬರ ಬಿತ್ತನೆ ಮೊಟ್ಟೆಯೆಲ್ಲ ನೆರೆಯಲ್ಲಿ ಹಾಳಾಗಿ, ಅವರು ಇಲ್ಲಿಂದ ಮೊಟ್ಟೆ ತರಿಸಿಕೊಳ್ಳಲು ಹೊರಟರು. ರೈಲಿಗೆ ಹಾಕಿದ ಪೆಟ್ಟಿಗೆ, ಮುಂದೆ ಹಳಿ ಕೊಚ್ಚಿಹೋಗಿದೆಯೆಂದು ಮದ್ರಾಸಿನಿಂದಲೇ ವಾಪಸ್ಸು ಬಂತು. ಅಷ್ಟರಲ್ಲಿ ಮೊಟ್ಟೆ ಒಡೆದು ಹುಳ ಬರುವ ಕಾಲ ಹತ್ತಿರವಾಗಿತ್ತು. ಉಳಿದದ್ದು ವಿಮಾನವೊಂದೇ. ಹೋಗಬೇಕಿದ್ದ ಯಜಮಾನರ ಮಗ ಲಕ್ಷ್ಮೀಪತಿ ಕಾಮಾಲೆಯಾಗಿ ಮಲಗಿದ್ದ.

"ನೀನೇ ಹೋಗ್ಬೇಕು ಕಣಮ್ಮ. ಬೆಳಿಗ್ಗೆ ಹತ್ತಿದ್ರೆ ಸಾಯಂಕಾಲಕ್ಕೆ ಕಲ್ಕತ್ತ. ಸಾವಿರ ಮೈಲಿ ಮೇಲಾಗ್ತದೆ," ಎಂದರು ವೆಂಕಟರಮಣಪ್ಪ.

"ರಾಮನಗರಕ್ಕೆ ಗಾಡೀಲಿ ಹೋಗಿ ಬರೋಷ್ಟೇ ಹೊತ್ತಾ ಯಜಮಾನ್ರೇ!" ಎಂದಳು ಆಕೆ. ನಂಬಿಕೆ ಬರಲಿಲ್ಲ, ಆದರೂ ಒಪ್ಪಿದಳು.

ಲಿಂಗಮ್ಮ ಮಾತ್ರ ಮುಖ ಊದಿಸಿದಳು. "ಗಂಡಸ್ರೇ ಹತ್ತಕ್ಕೆ ಹೆದರ್ತಾರೆ. ನಿನಗ್ಯಾಕವ್ವ ಈ ಉಸಾಬರಿ?"

"ಮೊಟ್ಟೆ ಒಡೆದು ಹೋದ್ರೆ ಕೋಠಿಗೆ ಕೆಟ್ಟ ಹೆಸರು ಬರ್ತದೆ ಅತ್ತೆ. ಆಮೇಲೆ ನಮ್ಮ ಗತಿ?"

ವಿಮಾನ ಮೇಲೇಳುವಾಗ ಗಂಗಲಕ್ಷ್ಮಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕಣ್ಣು ಮುಚ್ಚಿದ್ದಳು. ಮದ್ರಾಸಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿದ ಮೇಲೆ ಧೈರ್ಯ ಬಂತು. ಕಿಟಕಿಯಿಂದ ಸಮುದ್ರ ನೋಡಿದಳು. ಆದರೆ ವಿಶಾಖಪಟ್ಟಣದಲ್ಲಿ ಇಳಿದದ್ದೇ ತಡ, ಬಿರುಗಾಳಿ ಮಳೆ ಶುರುವಾಯಿತು. ನಾಳೆಯವರೆಗೆ ವಿಮಾನ ಏಳುವುದಿಲ್ಲವೆಂದರು.

ಆಕೆ ಪೆಟ್ಟಿಗೆ ತೆರೆದಳು. ಹಾಳೆಗಳ ಮೇಲಿನ ಮೊಟ್ಟೆ ಆಗಲೇ ನೀಲಿಗೆ ತಿರುಗುತ್ತಿತ್ತು. ಸೆಕೆಯಲ್ಲಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳ ಹೊರಬರುತ್ತದೆ. ಬಂದರೆ ತಿನ್ನಿಸಲು ಹಿಪ್ಪುನೇರಳೆ ಸೊಪ್ಪಿಲ್ಲ. ತವರು ಮಾಲೂರಿನ ಕಡೆಯದಾದ್ದರಿಂದ ಆಕೆಗೆ ತೆಲುಗು ಬರುತ್ತಿತ್ತು. ನಿಲ್ದಾಣದ ಅಧಿಕಾರಿಯ ಬಳಿ ಹೋಗಿ, ಪೆಟ್ಟಿಗೆಯಲ್ಲಿರುವುದು ಜೀವವೆಂದೂ ತಂಪು ಬೇಕೆಂದೂ ತೆಲುಗಿನಲ್ಲೇ ಕೇಳಿಕೊಂಡಳು. ಆತ ಹಾಳೆಗಳನ್ನು ಬಗ್ಗಿ ನೋಡಿ ಒಳಗೆ ಹೋದ. ಉಪಾಹಾರ ಗೃಹದಿಂದ ಒಂದು ಬಕೆಟ್ ಐಸು ಹಿಡಿಸಿಕೊಂಡು ಬಂದ.

ಐಸು ತಾಗಿದರೂ ಮೊಟ್ಟೆ ಸಾಯುತ್ತದೆ. ಬಕೆಟ್ಟಿನ ಮೇಲೆ ಹಲಗೆಯಿಟ್ಟು, ಅದರ ಮೇಲೆ ಪೆಟ್ಟಿಗೆಯಿರಿಸಿ, ಸುತ್ತ ಒದ್ದೆ ಸೀರೆ ಹೊದಿಸಿದಳು. ನಿದ್ದೆ ಮಾಡಲಿಲ್ಲ. ಮನೆಗೆ ತಂತಿ ಕಳಿಸುವುದೂ ಹೊಳೆಯಲಿಲ್ಲ.

ಮಾರನೆಯ ಮಧ್ಯಾಹ್ನ ಕಲ್ಕತ್ತೆ ಮುಟ್ಟಿದಾಗ ಮೂರರಲ್ಲೊಂದು ಪಾಲು ಒಡೆದು, ಕೂದಲೆಳೆಯಂಥ ಕಪ್ಪು ಹುಳಗಳು ಹಾಳೆಯ ಮೇಲೆ ಹರಿದಾಡುತ್ತಿದ್ದವು. ಸಾಕಣೆದಾರರು ಮೋಟಾರಿನಲ್ಲಿ ಎಳೆ ಸೊಪ್ಪು ಇಟ್ಟುಕೊಂಡೇ ಕಾದಿದ್ದರು. ಗಂಗಲಕ್ಷ್ಮಮ್ಮ ಅಲ್ಲೇ ನೆಲದ ಮೇಲೆ ಕೂತು, ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದಳು. ಮೊದಲು ಬಂದ ಹುಳಗಳಲ್ಲಿ ಬಹಳಷ್ಟು ಸತ್ತುಹೋದವು. ಮಿಕ್ಕವು ತಿಂದವು. ಅದನ್ನು ನೋಡಿದ ಮೇಲೆಯೇ ಆಕೆಗೆ ಅಳು ಬಂದದ್ದು.

ಹುಳ ಪೊರೆ ಕಳಚುವ ಎರಡನೆಯ ನಿದ್ದೆ ದಾಟುವ ತನಕ ಆಕೆ ಅಲ್ಲಿದ್ದು, ದುರಸ್ತಿಯಾದ ಹಳಿಯ ಮೇಲೆ ರೈಲಿನಲ್ಲಿ ಹಿಂತಿರುಗಿದಳು. ದಾರಿ ಸವೆಯುವಷ್ಟರಲ್ಲಿ ಮೂರು ದಿನ ಕಳೆದವು. ಲಿಂಗಮ್ಮ ಬೈಯುತ್ತಲೇ ಬಿಸಿನೀರು ಕಾಯಿಸಿಕೊಟ್ಟಳು. ಬಂಗಾಳದವರು ಮರುವರ್ಷವೂ ಮೊಟ್ಟೆ ಕೇಳಿದರು. ಲಕ್ಷ್ಮೀಪತಿಗೆ ಮೈ ಸರಿಹೋಗಿತ್ತು, ಆದರೂ ವೆಂಕಟರಮಣಪ್ಪ ಗಂಗಲಕ್ಷ್ಮಮ್ಮನ ಹೆಸರಿಗೇ ಟಿಕೀಟು ತೆಗೆಸಿದರು.