ನಾಲ್ಕು ಬೆರಳಿನ ಜಾಗ

ಕುಳ್ಳಯ್ಯನನ್ನು ನಾನು ಮೊದಲು ನೋಡಿದ್ದು ತೊಂಬತ್ತೊಂದರಲ್ಲಿ, ಬೂಕನಕೆರೆ ಹಿಂದಿನ ಈಚಲ ಬನದಲ್ಲಿ. ನನ್ನ ಗಂಡ ತೀರಿಕೊಂಡು ವರ್ಷವಾಗಿತ್ತು. ಕೆಲಸ ಕೇಳಿಕೊಂಡು ಹೋಗಿದ್ದೆ. ಅವನು ಮರದಿಂದ ಇಳಿದು, ಸೊಂಟದ ಮಡಕೆ ಬಿಚ್ಚಿ ನೆಲಕ್ಕಿಟ್ಟ.

"ಪೀಪಾಯಿಗೆ ಹೆಂಡ ತುಂಬಕ್ಕೆ ಬತ್ತದೇನಕ್ಕ?"

"ನೀರು ತುಂಬಕ್ಕೆ ಬತ್ತದೆ."

"ನೀರು ಸುಮ್ಕೆ ಇರ್ತದೆ. ಇದು ಉಸಿರಾಡ್ತದೆ ಕಣಕ್ಕ," ಎಂದು ನಕ್ಕ.

ಅವನ ಪೀಪಾಯಿಗಳು ಮರದವು, ಚಿಕ್ಕವು. ಸೈಕಲ್ಲಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಕಟ್ಟುತ್ತಿದ್ದ. ಹೆಂಡ ಸೋಸಿ ತುಂಬಿದ ಮೇಲೆ ಬಾಯೊಳಗೆ ಈಚಲ ಕಡ್ಡಿ ಇಳಿಸುತ್ತಿದ್ದ. ಕಡ್ಡಿಯ ಮೇಲೆ ನೆನೆಯದೆ ಉಳಿದ ಭಾಗ ಸರಿಯಾಗಿ ನಾಲ್ಕು ಬೆರಳು ಇರಬೇಕು. ಆಮೇಲೆ ಬಾಯಿಗೆ ನಾರಿನ ಉಂಡೆ, ಸಡಿಲವಾಗಿ. ಉಬ್ಬಿದ ನೊರೆಗೆ ಆ ಜಾಗ, ಗಾಳಿಗೆ ಆ ನಾರು. ನಾಲ್ಕು ವರ್ಷ ನಾನು ಹಾಗೆಯೇ ತುಂಬಿದೆ. ಒಂದು ಸಲವೂ ತಪ್ಪಲಿಲ್ಲ.

ಕಿಕ್ಕೇರಿಯ ದೇವರಾಜು ಬೀಗರೂಟಕ್ಕೆ ಹೆಂಡ ಹೇಳಲು ಬಂದವನು ಕಡ್ಡಿ ನೋಡಿ, "ಏನ್ಲಾ ಕುಳ್ಳಯ್ಯ, ಮೇಲಿನ ನಾಕು ಬೆರಳು ನಿಮ್ಮಪ್ಪನ ಪಾಲಾ? ಹೆಂಡ ಕೇಳುದ್ರೆ ಗಾಳಿ ಮಾರ್ತೀಯಲ್ಲ," ಎಂದ.

"ಕುಡಿಯಕ್ಕೆ ಗಾಳೀನೂ ಬೇಕು ಕಣ್ಲಾ," ಎಂದ ಇವನು. ಬಾಯಿ ನಗುತ್ತಿತ್ತು, ಮುಖ ಕೆಂಪಗಿತ್ತು. ಅಲ್ಲಿವರೆಗೆ ಅವನನ್ನು ಯಾರೂ ಮೋಸಗಾರ ಅಂದಿರಲಿಲ್ಲ.

ಬೀಗರೂಟದ ದಿನ ಎರಡು ಪೀಪಾಯಿ ತುಂಬಿ, ಕಡ್ಡಿ ಇಳಿಸಿ, ಬೆರಳಿಟ್ಟು ಅಳೆದು ಅವನು ಕೈ ತೊಳೆಯಲು ಬಾವಿಗೆ ಹೋದ. ಮಡಕೆಯಲ್ಲಿ ಒಂದು ಚೊಂಬು ಹೆಂಡ ಉಳಿದಿತ್ತು. ದೇವರಾಜುವಿನಿಂದ ಕುಳ್ಳಯ್ಯನಿಗೆ ಮತ್ತೆ ಮಾತು ಬರಬಾರದು ಎಂದು ಅದನ್ನು ಒಂದು ಪೀಪಾಯಿಗೆ ಸುರಿದೆ. ಬಾಯಿ ಮಟ್ಟಕ್ಕೆ ಬಂತು. ನಾರಿನಿಂದ ಸೋರತೊಡಗಿತು. ನಾರು ತೆಗೆದು, ಮರದ ಬಿರಡೆಗೆ ಬಟ್ಟೆ ಸುತ್ತಿ, ಕಲ್ಲಿನಿಂದ ಬಡಿದೆ. ಅವನು ಬರುವಷ್ಟರಲ್ಲಿ ಮೇಲೆ ಒದ್ದೆ ಗೋಣಿ ಸುತ್ತಿಯಾಗಿತ್ತು.

ಆ ಬಿಸಿಲಲ್ಲಿ ಕಿಕ್ಕೇರಿ ಹತ್ತಿರ ಪೀಪಾಯಿ ಸದ್ದು ಮಾಡಿತಂತೆ. ಸೈಕಲ್ಲು ನಿಲ್ಲಿಸಿ, ಗೋಣಿ ಸರಿಸಿ ಬಗ್ಗಿದ್ದಾನೆ. ಬಿರಡೆ ಸಿಡಿದು ಬಲಗಣ್ಣಿಗೆ ಬಡಿದು ಎಲ್ಲೋ ಹಾರಿತು; ಬಡಿದದ್ದು ಏನೆಂದು ಅವನು ನೋಡಲೇ ಇಲ್ಲ. ಕಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಹೇಳಬೇಕೆಂದೇ ಹೋದೆ. ಅವನೇ ಮೊದಲು ಮಾತಾಡಿದ. "ನನ್ನ ಬೆರಳೇ ನಂಗೆ ಮೋಸ ಮಾಡ್ಬುಟ್ವು ಬೋರಕ್ಕ. ಅಳತೆ ತಪ್ಬುಟ್ಟೆ." ಆಗಲೇ ಹೇಳಬಹುದಿತ್ತು. ಮಜ್ಜಿಗೆ ಕುಡಿಸಿ, ಲೋಟ ತೊಳೆದು ಬಂದೆ.

ಒಂದೇ ಕಣ್ಣಿಗೆ ಗರಿ ಎಷ್ಟು ದೂರ ಎಂದು ತಿಳಿಯುವುದಿಲ್ಲ. ಅವನು ಮತ್ತೆ ಮರ ಹತ್ತಲಿಲ್ಲ. ಈಚಲ ಗರಿ ತಂದು ಪೊರಕೆ ಕಟ್ಟಿದ. ನಾನೂ ಜೊತೆಗೆ ಕೂತು ಗರಿ ಸೀಳಿಕೊಟ್ಟೆ. ಕಟ್ಟುವ ಮೊದಲು ಪ್ರತಿ ಹಿಡಿಯನ್ನೂ ಎರಡೆರಡು ಸಲ ಅಳೆಯುತ್ತಿದ್ದ. ತನ್ನ ಬೆರಳನ್ನು ನಂಬದವನ ಹಾಗೆ. ದಾರಿಯಲ್ಲಿ ಹೋಗುವವರು, "ಇನ್ನೂ ಅಳೀತಿದ್ದೀಯೇನ್ಲಾ?" ಎಂದು ರೇಗಿಸುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ.

ತೊಂಬತ್ತೆಂಟರ ಶ್ರಾವಣದಲ್ಲಿ ಜ್ವರ ಬಂದು ಮಲಗಿದ. ಗಂಜಿ ತೆಗೆದುಕೊಂಡು ಹೋದೆ. ಎರಡು ಗುಟುಕಿಗೇ ಸಾಕೆಂದ. ಬಲಗೈ ಎತ್ತಿ, ಹೆಬ್ಬೆರಳು ಮಡಚಿ, ಉಳಿದ ನಾಲ್ಕು ಬೆರಳನ್ನು ಇದ್ದ ಒಂದು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಬೋರಕ್ಕ, ಅವತ್ತು ನೀನೂ ಪಕ್ಕದಲ್ಲೇ ಇದ್ದೆ. ನಿಜ ಹೇಳು. ನಾನು ನಾಕು ಬೆರಳು ಬುಟ್ಟಿದ್ನಾ, ಇಲ್ವಾ?"