ಅಜ್ಜಿಯ ಉಗುರುಸುತ್ತು

ಸೌಟಿನಲ್ಲಿ ಹರಳೆಣ್ಣೆ ಬೆಚ್ಚಗಾಗುವ ವಾಸನೆ ಬಂದರೆ ನನಗೆ ಇವತ್ತಿಗೂ ಮಲ್ಲಿಪಟ್ಟಣದ ಅಜ್ಜಿ ಮನೆಯ ಬಚ್ಚಲೇ ಕಣ್ಣಮುಂದೆ ಬರುತ್ತದೆ. ಹೋದ ತಿಂಗಳು ಹಾಸನದಲ್ಲಿರುವ ಮಗಳ ಮನೆಗೆ ಹೋಗಿದ್ದಾಗಲೂ ಹಾಗೇ ಆಯಿತು. ಮೂರು ತಿಂಗಳ ಮೊಮ್ಮಗಳಿಗೆ ಎಣ್ಣೆ ಒತ್ತಲೆಂದು ಸೌಟನ್ನು ಒಲೆಯ ಮೇಲಿಟ್ಟಿದ್ದೆ. ಅಷ್ಟರಲ್ಲಿ ಮಗಳು ಕೂಸನ್ನು ಎತ್ತಿಕೊಂಡು ಡಾಕ್ಟರ ಹತ್ತಿರದಿಂದ ಬಂದಳು. ಡೈಪರ್ ಕಟ್ಟುವ ಜಾಗವೆಲ್ಲ ಕೆಂಪಾಗಿ, ತೊಡೆಸಂದಿಯ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಯೀಸ್ಟ್ ಅಂತೆ. ಮುಲಾಮು ಹಚ್ಚಬೇಕಂತೆ, ಜಾಗ ಒಣಗಿರಬೇಕಂತೆ, ಆಗಾಗ ಡೈಪರ್ ಬಿಚ್ಚಿ ಗಾಳಿಗೆ ಬಿಡಬೇಕಂತೆ, ಸದ್ಯಕ್ಕೆ ಅಲ್ಲಿ ಎಣ್ಣೆ ಸೋಕಿಸಬಾರದಂತೆ. ನಾನು ಒಲೆ ಆರಿಸಿದೆ. ಇದೆಲ್ಲ ನನಗೆ ಏಳನೇ ವಯಸ್ಸಿನಲ್ಲೇ ಗೊತ್ತಾಗಿತ್ತು ಎಂದು ಮಗಳಿಗೆ ಹೇಳಲು ಬಾಯಿ ಬರಲಿಲ್ಲ.

ನಮ್ಮಮ್ಮನ ತಾಯಿ ದ್ಯಾವಜ್ಜಿ ಕೂಸುಗಳಿಗೆ ನೀರೆರೆಯುವುದರಲ್ಲಿ ಹೆಸರಾದವಳು. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಅವಳ ಕಾಲ ಮೇಲೆ ಮಲಗಿ ಅತ್ತು, ಆಮೇಲೆ ಊರಲ್ಲಿ ಓಡಾಡಿದವರೇ. ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬೆನ್ನು ನೀವಿ, ಕಡಲೆಹಿಟ್ಟು ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯುತ್ತಿದ್ದಳು. ಕಿರುಚುತ್ತಿದ್ದ ಕೂಸು ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆ ಸುತ್ತುವಷ್ಟರಲ್ಲಿ ನಿದ್ದೆ ಹೋಗಿರುತ್ತಿತ್ತು. ಬೆಳಿಗ್ಗೆ ಮೂರು ಮನೆ ಮುಗಿಸಿ ಬಂದರೂ ಅಜ್ಜಿಗೆ ದಣಿವಿಲ್ಲ. ಯಾರ ಮನೆಯ ಕೂಸಿಗೆ ಯಾರ ಮೂಗು ಬಂದಿದೆ ಎಂಬ ಸುದ್ದಿಯನ್ನೆಲ್ಲ ಮೊದಲು ಹೊತ್ತು ತರುತ್ತಿದ್ದವಳೂ ಅವಳೇ. ನಾನು ಅವಳ ಮನೆಯಲ್ಲೇ ಇದ್ದು ಎರಡನೇ ಕ್ಲಾಸಿಗೆ ಹೋಗುತ್ತಿದ್ದೆ. ಅವಳ ಸೆರಗು ಹಿಡಿದು ಎಲ್ಲ ಬಾಣಂತಿಯರ ಕೋಣೆಗೂ ನುಗ್ಗುತ್ತಿದ್ದೆ, ನಾನೂ ದೊಡ್ಡ ಮನುಷ್ಯಳೇ ಎಂಬ ಗತ್ತಿನಲ್ಲಿ.

ಆ ವರ್ಷ ಹೊಳೆನರಸೀಪುರದಿಂದ ಅಮ್ಮ ಬಾಣಂತನಕ್ಕೆ ಬಂದಳು. ತಮ್ಮ ಹುಟ್ಟಿದ. ಊರ ಕೂಸುಗಳಿಗೆಲ್ಲ ನೀರೆರೆದ ಅಜ್ಜಿ ತನ್ನ ಮೊಮ್ಮಗನಿಗೆ ಎರೆಯುವಾಗ ಹಂಡೆಯಲ್ಲಿ ಒಂದು ತೊಟ್ಟು ಬಿಸಿನೀರನ್ನೂ ಉಳಿಸುತ್ತಿರಲಿಲ್ಲ. ಎರಡು ತಿಂಗಳು ತುಂಬುವ ಹೊತ್ತಿಗೆ ಅವನ ತೊಡೆಸಂದಿ ಕೆಂಪಾಯಿತು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದಳು. ಕಡಿಮೆಯಾಗಲಿಲ್ಲ ಎಂದು ಇನ್ನಷ್ಟು ಹಚ್ಚಿದಳು. ಗಾಳಿ ಸೋಕೀತೆಂದು ಹಳೇ ಸೀರೆಯ ಬಟ್ಟೆಯನ್ನು ಎರಡು ಸುತ್ತು ಬಿಗಿಯಾಗಿ ಕಟ್ಟಿದಳು. ಪ್ರೀತಿ ಹೆಚ್ಚಾದಷ್ಟೂ ಹುಣ್ಣು ಹೆಚ್ಚಿತು. ಉಚ್ಚೆ ಹೊಯ್ದಾಗಲೆಲ್ಲ ಕೂಸು ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಅಮ್ಮ ಗೋಡೆ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ವಾರದ ಮೇಲೆ, ಬಾಣಂತಿಯರನ್ನು ನೋಡಲು ಮನೆಮನೆಗೆ ಬರುತ್ತಿದ್ದ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದರು. ಬಟ್ಟೆ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೂಸಿನ ಬಾಯನ್ನೂ ಬಿಡಿಸಿ ನೋಡಿದರು. "ಇದು ಬೂಷ್ಟು ಕಣಮ್ಮ. ಒದ್ದೆ ಗೋಡೆಗೆ ಇಡಿಯಲ್ವಾ, ಅಂಗೇಯ. ಎಣ್ಣೆ ಬಳ್ದು ಬಿಗ್ಯಾಗಿ ಕಟ್ಟುದ್ರೆ ಅದುಕ್ಕೆ ಅಬ್ಬದೂಟ," ಎಂದರು. ಪೆಟ್ಟಿಗೆಯಿಂದ ನೇರಳೆ ಬಣ್ಣದ ಔಷಧಿ ತೆಗೆದು ಹತ್ತಿಯಲ್ಲಿ ಅದ್ದಿ ಬಳಿದರು. ತಮ್ಮನ ಕುಂಡೆ ಮಾಗಿದ ನೇರಳೆಹಣ್ಣಿನ ಹಾಗಾದದ್ದನ್ನು ನೋಡಿ ನಾನು ನಕ್ಕೆ. ಆಮೇಲೆ ಅವರು ಬಾಟಲಿಯ ಮುಚ್ಚಳ ಹಾಕುತ್ತ, "ಯಾರು ಮಗೀಗೆ ನೀರುಯ್ಯೋದು?" ಎಂದು ಕೇಳಿದರು.

ಅಜ್ಜಿಗೆ ಆಗ ಉಗುರುಸುತ್ತು ಆಗಿತ್ತು. ಪಾತ್ರೆ, ಕೊಟ್ಟಿಗೆ, ಬಚ್ಚಲು ಎಂದು ಇಡೀ ದಿನ ನೀರಲ್ಲೇ ಇರುತ್ತಿದ್ದ ಕೈ. ಬಲಗೈಯ ಮೂರು ಬೆರಳುಗಳ ಉಗುರಿನ ಬುಡ ಕೆಂಪಗೆ ಊದಿಕೊಂಡು, ಒತ್ತಿದರೆ ಒಸರುತ್ತಿತ್ತು. ಸಂಜೆ ಹೊತ್ತು ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದಳು. ಬೀದಿಯ ಮಕ್ಕಳೆಲ್ಲ ಅದನ್ನು ನೋಡಿ ನಗುತ್ತಿದ್ದೆವು, ಅವಳೂ ಬೆರಳು ಕುಣಿಸಿ ನಗಿಸುತ್ತಿದ್ದಳು. ನರ್ಸಮ್ಮ ಕೇಳಿದಾಗ ಅಜ್ಜಿ "ನಾನೇಯ" ಎಂದಳು, ಆದರೆ ಕೈ ಸೆರಗಿನೊಳಗೆ ಹೋಗಿತ್ತು. ಅದನ್ನು ನೋಡಿದವಳು ನಾನೊಬ್ಬಳೇ. ಸುಮ್ಮನಿರಬಹುದಿತ್ತು. "ಅಜ್ಜಿ ಬೆರಳಲ್ಲಿ ಕೀವು ಬತ್ತದೆ," ಎಂದುಬಿಟ್ಟೆ.

ನರ್ಸಮ್ಮ ಬೈಯಲಿಲ್ಲ. ಅಜ್ಜಿಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಒತ್ತಿ ನೋಡಿದರು. "ಇದ್ರಿಂದ್ಲೇ ಬಂತು ಅನ್ನಕ್ಕಾಗಲ್ಲ ಕಣವ್ವ. ಕೂಸುಗಳಿಗೆ ಸುಮ್ನೆನೂ ಬತ್ತದೆ. ಆದ್ರೂ ಇದು ವಾಸಿಯಾಗೋಗಂಟ ಯಾವ್ ಮಗೀಗೂ ನೀರುಯ್ಬ್ಯಾಡ," ಎಂದರು. ಅಜ್ಜಿ ತಲೆ ಆಡಿಸಿದಳು.

ಮಾರನೆಯ ದಿನದಿಂದ ಅಮ್ಮ ನೀರೆರೆದಳು. ಅಜ್ಜಿ ಬಚ್ಚಲ ಬಾಗಿಲಿಗೆ ಒರಗಿ ನಿಂತು, "ಕತ್ತು ಇಡ್ಕೊ, ಕಿವಿ ಮುಚ್ಚು, ಸಂದಿ ಚೆಂದಾಗಿ ಒರ್ಸು," ಎಂದು ಹೇಳಿಕೊಡುತ್ತಿದ್ದಳು. ಹೇಳುವಾಗ ಅವಳ ಕೈ ಗಾಳಿಯಲ್ಲೇ ಕೂಸಿನ ಬೆನ್ನು ನೀವುತ್ತಿತ್ತು. ಹತ್ತು ದಿನದಲ್ಲಿ ತಮ್ಮನ ಮೈ ತಿಳಿಯಾಯಿತು. ಐದು ತಿಂಗಳಿಗೆ ಅಮ್ಮ ಅವನನ್ನು ಕರೆದುಕೊಂಡು ಹೊಳೆನರಸೀಪುರಕ್ಕೆ ಹೋದಳು. ಇಷ್ಟಾದ ಮೇಲೆ ಮನೆಯಲ್ಲಿ ನನ್ನ ಬೆಲೆ ಏರಿತ್ತು. ಹುಡುಗಿ ಹೇಳಿದ್ದಕ್ಕೆ ಗೊತ್ತಾಯಿತು ಎಂದು ಬಂದವರೆಲ್ಲ ನನ್ನ ತಲೆ ಸವರುತ್ತಿದ್ದರು. ನಾನು ದಿನಾ ಸಂಜೆ ಅಜ್ಜಿಯ ಬೆರಳು ನೋಡಿ, ಕೈ ಒದ್ದೆ ಮಾಡಿಕೊಂಡಿದ್ದರೆ ನರ್ಸಮ್ಮನ ದನಿಯಲ್ಲಿ ಗದರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಬೀದಿಯ ಲಕ್ಕಮ್ಮ ಬಂದಳು. ಅವಳ ಮಗಳಿಗೆ ಹೆಣ್ಣು ಕೂಸಾಗಿತ್ತು, ನೀರೆರೆಯಲು ಅಜ್ಜಿಯೇ ಬರಬೇಕು. ಅಜ್ಜಿಯ ಮುಖ ಅರಳಿತು. ಒಳಗೆ ಬಂದವಳು, ಶಾಲೆಗೆ ಹೊರಟಿದ್ದ ನನ್ನ ಮುಂದೆ ಕೂತು ಎರಡೂ ಕೈ ಚಾಚಿದಳು. "ನೋಡ್ ಪುಟ್ಟಿ, ಓಗ್ಬೌದಾ?"

ನಾನು ಬೆರಳು ಒತ್ತಿ ಒತ್ತಿ ನೋಡಿದೆ. ನೋವಾ ಎಂದು ಕೇಳಿದೆ. ಇಲ್ಲ ಕಣವ್ವ ಎಂದಳು. ಅರವತ್ತು ದಾಟಿದ ಹೆಂಗಸು ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು, ಮತ್ತು ಅದು ನನಗೆ ಬಹಳ ಹಿಡಿಸಿತು. ತಲೆ ಅಲ್ಲಾಡಿಸಿ, "ಬ್ಯಾಡ ಅಜ್ಜಿ, ಇನ್ನೂ ಅದೆ," ಎಂದೆ.

ಅಜ್ಜಿ ಎದ್ದು ಹೊರಗೆ ಹೋಗಿ, "ಬ್ಯಾರೆ ಯಾರ್ನಾದ್ರೂ ಕರ್ಕೊ ಲಕ್ಕಮ್ಮ, ನನ್ ಕೈ ಇನ್ನೂ ವಾಸಿಯಾಗ್ಲಿಲ್ಲ," ಎಂದಳು. ಆ ಮಾತು ಬೀದಿಯಲ್ಲೆಲ್ಲ ಹರಡಿ, ಆಮೇಲೆ ಯಾರೂ ಅವಳನ್ನು ಕರೆಯಲು ಬರಲಿಲ್ಲ, ತಾನಾಗಿ ಹೋಗುವವಳು ಅವಳಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಲಕ್ಕಮ್ಮ ಕರೆಯಲು ಬಂದಿದ್ದ ಆ ಬೆಳಿಗ್ಗೆ ಅವಳ ಬೆರಳುಗಳಲ್ಲಿ ಏನೂ ಇರಲಿಲ್ಲ. ಉಗುರುಗಳು ಚೊಕ್ಕವಾಗಿ ಒಣಗಿದ್ದವು, ನಾನು ಅದನ್ನು ನೋಡಿದ್ದೆ.