ಹುಳದ ರಜೆ

ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ರಾಮನಗರದಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲಿಗೆ ಸಹಾಯಕ ವಾರ್ಡನ್ ಆಗುವ ಕೆಲಸ ಸಿಕ್ಕಿತು. ಊಟ, ವಸತಿ ಅಲ್ಲೇ. ಲೆಕ್ಚರರ್ ಹುದ್ದೆ ಸಿಗುವ ತನಕ ಕಾಲ ಹಾಕೋಣ ಎಂದು ಟ್ರಂಕು ಹೊತ್ತು ಹೋದೆ. ನೀರು ಬರಲಿಲ್ಲ, ಮುದ್ದೆ ಗಂಟಾಗಿದೆ, ಪಕ್ಕದ ಮಂಚದವಳು ಮಾತು ಬಿಟ್ಟಿದ್ದಾಳೆ ಎಂಬ ದೂರು ಕೇಳುವುದೇ ದಿನವಿಡೀ ಕೆಲಸ. ಇದಕ್ಕಾ ನಾನು ಎಂ.ಎ. ಓದಿದ್ದು ಎಂದು ಸಿಡಿಮಿಡಿಗೊಳ್ಳುತ್ತಿದ್ದೆ.

ಆಗಲೇ ಕೈಲಾಂಚದ ಕಡೆಯ ಹುಡುಗಿಯೊಬ್ಬಳು ನನಗೆ ತಲೆನೋವಾದಳು. ಓದಿನಲ್ಲಿ ಚುರುಕು, ಮಾತು ಕಡಿಮೆ. ಆಗಾಗ ಹೇಳದೆ ಕೇಳದೆ ಊರಿಗೆ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಬರುವಳು. ಕೇಳಿದರೆ ಮನೆಯಲ್ಲಿ ಕೆಲಸವಿತ್ತು ಎನ್ನುವಳು, ಅಷ್ಟೇ. ಹುಡುಗನ ವಿಷಯವಿರಬೇಕು ಎಂದು ಗುಸುಗುಸು ಎದ್ದಿತು. ಇನ್ನೊಂದು ಸಲ ಹೀಗಾದರೆ ಸೀಟು ರದ್ದು ಎಂದರು ಹಿರಿಯ ವಾರ್ಡನ್. ಸೀಟು ಹೋದರೆ ಓದೂ ಹೋದಂತೆಯೇ. ಅವಳ ಊರಿನಿಂದ ಕಾಲೇಜಿನ ಹೊತ್ತಿಗೆ ತಲುಪಿಸುವ ಬಸ್ಸಿರಲಿಲ್ಲ. ಆದರೂ ಅವಳು ಮತ್ತೆ ಹೋಗಿಯೇಬಿಟ್ಟಳು. ನೋಡಿಯೇಬಿಡೋಣ ಎಂದು ನಾನೂ ಬಸ್ಸು ಹತ್ತಿದೆ.

ವಾರ್ಡನ್ನಿನ ಗತ್ತು ಕಾಣಲಿ ಎಂದು ಗಂಜಿ ಹಾಕಿದ ಸೀರೆ ಉಟ್ಟು, ಪೌಡರು ಬಳಿದು, ಮಲ್ಲಿಗೆ ಮುಡಿದು ಹೋಗಿದ್ದೆ. ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅವಳ ತಾಯಿ ಎರಡೂ ಕೈ ಅಡ್ಡ ಹಿಡಿದು ತಡೆದರು. ನನಗೆ ಮೈಯೆಲ್ಲ ಉರಿಯಿತು.

"ತಪ್ಪು ತಿಳ್ಕಬ್ಯಾಡಿ ಕಣವ್ವ. ಹುಳ ಹಣ್ಣಾಯ್ತಾ ಅವೆ. ಹೂವು, ಪೌಡರ್ ವಾಸ್ನೆ ಅವಕ್ಕೆ ಆಗಾಕಿಲ್ಲ."

ತಲೆಗೆ ಬಟ್ಟೆ ಕಟ್ಟಿಕೊಂಡು ಮಗಳು ಹೊರಗೆ ಬಂದಳು. ನನ್ನನ್ನು ಕಂಡು ಬಿಳುಚಿಕೊಂಡಳು. ವಿಷಯ ಇಷ್ಟೇ: ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಕೂಡಲೇ ಒಂದೊಂದನ್ನೇ ಆಯ್ದು, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಬೆಳೆಯೇ ಕೆಡುತ್ತದೆ. ಊರಿನ ಮನೆಮನೆಯಲ್ಲೂ ಒಟ್ಟಿಗೇ ಹಣ್ಣಾಗುವುದರಿಂದ ಆಳು ಸಿಗುವುದಿಲ್ಲ. ಅಪ್ಪ ತೀರಿಕೊಂಡಿದ್ದರು, ತಾಯಿಗೆ ಇವಳೊಬ್ಬಳೇ ಆಸರೆ. ರಾತ್ರಿಯಿಡೀ ನಿದ್ದೆಗೆಟ್ಟು ಹುಳ ಆಯ್ದೇ ಅವಳ ಕಣ್ಣು ಕೆಂಪಾಗುತ್ತಿದ್ದದ್ದು. ರೂಮಿನವರು ನಗುತ್ತಾರೆಂದು ಹುಡುಗಿ ಬಾಯಿ ಬಿಟ್ಟಿರಲಿಲ್ಲ.

"ನಮ್ಮುಡ್ಗಿ ರೂಮು ಕಿತ್ಕಬುಡ್ತೀರಾ?" ಎಂದು ತಾಯಿ ಕೇಳಿದರು.

ಮಲ್ಲಿಗೆ ತೆಗೆದು ಅಂಗಳದ ಕಲ್ಲಿನ ಮೇಲಿಟ್ಟೆ. ತೊಟ್ಟಿಯ ನೀರಿನಲ್ಲಿ ಮುಖ, ಕೈಕಾಲು ತೊಳೆದು ಒಳಗೆ ಹೋಗಿ, ಸಂಜೆ ಬಸ್ಸಿನ ತನಕ ಹುಳ ಆಯ್ದೆ. ಮೊದಲ ಹುಳ ಮುಟ್ಟಿದಾಗ ನಾನು ಬೆಚ್ಚಿದ್ದು ನೋಡಿ ಹುಡುಗಿ ನಕ್ಕುಬಿಟ್ಟಳು. ಅವಳು ನಕ್ಕಿದ್ದನ್ನು ನಾನು ಅವತ್ತೇ ಕಂಡದ್ದು. ಎಷ್ಟು ಮುದ್ದು ಬಂತೋ ಹೇಳಲಾರೆ.

ಹುಳಕ್ಕೆ ರಜೆ ಕೊಡುವ ಹಾಸ್ಟೆಲ್ ಎಲ್ಲಿದೆಯಮ್ಮ ಎಂದು ಹಿರಿಯ ವಾರ್ಡನ್ ರೇಗಿದರು. ಜ್ವರಕ್ಕೆ ಕೊಡುವುದಾದರೆ ಇದಕ್ಕೂ ಕೊಡಿ ಎಂದು ನಾನು ಪಟ್ಟು ಹಿಡಿದೆ. ಕೊನೆಗೆ, ಮೊದಲೇ ಹೇಳಿ ಹೋಗಬೇಕು, ಪದವಿ ಮುಗಿಯುವ ತನಕ ಅವಳ ಹೊಣೆ ನಿನ್ನದೇ ಎಂದರು. ಒಪ್ಪಿಕೊಂಡೆ. ಮಾಗಡಿಯಲ್ಲಿ ಲೆಕ್ಚರರ್ ಹುದ್ದೆ ಸಿಕ್ಕಾಗ ಆ ಮಾತಿಗಾಗಿಯೇ ಅದನ್ನು ಬಿಟ್ಟುಕೊಟ್ಟೆ. ಮನೆಯವರು ಬೈದರು, ನಾನೂ ಎಷ್ಟೋ ದಿನ ಹಳಹಳಿಸಿದೆ. ಆಮೇಲೆ ನಿವೃತ್ತಿಯ ತನಕ ಹಾಸ್ಟೆಲ್ ಮಕ್ಕಳೇ ನನ್ನ ಕೆಲಸವಾದರು.

ಆ ಹುಡುಗಿಯ ಪದವಿಯ ಕೊನೆಯ ಪರೀಕ್ಷೆ ಮುಗಿದ ದಿನ ಅವಳನ್ನು ಕರೆದೊಯ್ಯಲು ತಾಯಿ ಬಂದಿದ್ದರು. ನನ್ನ ಕೋಣೆಯ ಬಾಗಿಲಲ್ಲಿ ನಿಂತು ಬಾಳೆಲೆಯ ಪೊಟ್ಟಣ ಬಿಚ್ಚಿದರು. ಮಲ್ಲಿಗೆ.

"ಒಸಿ ಆ ಕಡೆ ತಿರುಕ್ಕಳಿ ಕಣವ್ವ. ಅವತ್ತು ನಿಮ್ಮ ಹೂವ ತಗ್ಸಿದ್ದು ನಾನೇ ಅಲ್ವಾ" ಎಂದು ತಾವೇ ಮುಡಿಸಿದರು.